‘ವಿಮೆ ಸ್ವೀಕರಿಸುತ್ತೇವೆ’ ಅಂದರೆ ಏನರ್ಥ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಅಮ್ಮನಿಗೆ ಸಿಒಪಿಡಿ (ಉಸಿರಾಟ ಕಷ್ಟವಾಗಿಸುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ನಾವು ನೋಡಿಟ್ಟ ಶ್ವಾಸಕೋಶ ಮತ್ತು ಐಸಿಯು ತಜ್ಞರ ಪರಿಚಯದಲ್ಲಿ ‘ಬೋರ್ಡ್ ಸರ್ಟಿಫೈಡ್’ (ತಜ್ಞತೆಯ ಪರೀಕ್ಷೆ ಪಾಸಾದವರು), ‘ನಿಮ್ಮ ವಿಮೆ ಸ್ವೀಕರಿಸುತ್ತೇವೆ’ ಎಂದಿದೆ. ಅಷ್ಟು ಸಾಕೆ?

ಉತ್ತರ: ಸಾಲದು. ಅಮೆರಿಕದಲ್ಲಿ ಈ ತಜ್ಞರು ಸಾಮಾನ್ಯವಾಗಿ ಮೂರು ವರ್ಷ ಇಂಟರ್ನಲ್ ಮೆಡಿಸಿನ್, ಮತ್ತೆ ಮೂರು ವರ್ಷ ಶ್ವಾಸಕೋಶ–ಕ್ರಿಟಿಕಲ್ ಕೇರ್ (ಐಸಿಯು ಚಿಕಿತ್ಸೆ) ಫೆಲೋಶಿಪ್ ತರಬೇತಿ ಮುಗಿಸಿರುತ್ತಾರೆ. ಶ್ವಾಸಕೋಶ, ಕ್ರಿಟಿಕಲ್ ಕೇರ್ ಎರಡಕ್ಕೂ ಬೇರೆ ಬೇರೆ ಬೋರ್ಡ್ ಪರೀಕ್ಷೆ. ಈ ಪ್ರಮಾಣಪತ್ರ ಕೊಡುವ ಎಬಿಐಎಂ (ಅಮೆರಿಕನ್ ಬೋರ್ಡ್ ಆಫ್ ಇಂಟರ್ನಲ್ ಮೆಡಿಸಿನ್) ಜಾಲತಾಣದಲ್ಲಿ ಹೆಸರು ಹಾಕಿದರೆ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ ಎಂದು ಉಚಿತವಾಗಿ ಗೊತ್ತಾಗುತ್ತದೆ. ಲೈಸೆನ್ಸ್, ಶಿಸ್ತುಕ್ರಮಗಳನ್ನು ರಾಜ್ಯದ ಮೆಡಿಕಲ್ ಬೋರ್ಡ್‌ನಲ್ಲಿ ನೋಡಿ.

ಹೆಚ್ಚಿನವರು ಎಡವುವುದು ವಿಮೆಯಲ್ಲಿ. ‘ಸ್ವೀಕರಿಸುತ್ತೇವೆ’ ಎಂದರೆ ಬಿಲ್ ಕಳಿಸುತ್ತೇವೆ ಎಂದಷ್ಟೇ ಆಗಿರಬಹುದು. ನಿಮ್ಮ ಪ್ಲಾನಿನ ನೆಟ್‌ವರ್ಕ್‌ನಲ್ಲಿ, ಅಂದರೆ ವಿಮಾ ಕಂಪನಿಯ ಜೊತೆ ದರದ ಒಪ್ಪಂದ ಇರುವವರ ಪಟ್ಟಿಯಲ್ಲಿ, ಇದ್ದಾರೆ ಎಂದಲ್ಲ. ಒಂದೇ ಕಂಪನಿಯ ಒಂದು ಪ್ಲಾನಿಗೆ ಒಳಗಿರುವವರು ಇನ್ನೊಂದಕ್ಕೆ ಹೊರಗಿರಬಹುದು. ಒಂದು ಕ್ಲಿನಿಕ್ಕಿಗೆ ಇರುವ ಒಪ್ಪಂದ ಮತ್ತೊಂದಕ್ಕೆ ಇರದೆಯೂ ಹೋಗಬಹುದು. ವಿಮೆ ಕಾರ್ಡಿನ ಹಿಂಬದಿಯ ಸಂಖ್ಯೆಗೆ ಕರೆ ಮಾಡಿ ಪ್ಲಾನಿನ ಪೂರ್ಣ ಹೆಸರು, ವೈದ್ಯರ 10 ಅಂಕಿಯ ಎನ್‌ಪಿಐ (ರಾಷ್ಟ್ರೀಯ ಗುರುತಿನ ಸಂಖ್ಯೆ), ಕ್ಲಿನಿಕ್ಕಿನ ವಿಳಾಸ ಮೂರನ್ನೂ ಹೇಳಿ ವಿಚಾರಿಸಿ. ಕರೆಯ ದಿನಾಂಕ, ರೆಫರೆನ್ಸ್ ಸಂಖ್ಯೆ ಬರೆದಿಡಿ; ಮುಂದೆ ತಕರಾರು ಬಂದರೆ ಅದೇ ಆಧಾರ. ಎಚ್‌ಎಂಒ (ನೆಟ್‌ವರ್ಕ್ ಒಳಗೇ ಚಿಕಿತ್ಸೆ ಪಡೆಯಬೇಕಾದ ಬಗೆಯ ಪ್ಲಾನ್) ಆದರೆ ಸಾಮಾನ್ಯವಾಗಿ ಕುಟುಂಬ ವೈದ್ಯರ ರೆಫರಲ್ (ಶಿಫಾರಸು) ಮೊದಲೇ ಬೇಕು. ಉಸಿರಾಟದ ಪರೀಕ್ಷೆ ಆಸ್ಪತ್ರೆಯ ಲ್ಯಾಬಿನಲ್ಲಿ ನಡೆದರೆ ಅದಕ್ಕೆ ಬೇರೆ ಬಿಲ್ ಬರಬಹುದು, ಅದನ್ನೂ ಕೇಳಿ.

ಅಮ್ಮನಿಗೆ ಮೂಲ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ, ಸರ್ಕಾರವೇ ನಡೆಸುವ ವಿಮೆ) ಇದ್ದರೆ ‘ಅಸೈನ್‌ಮೆಂಟ್ ಒಪ್ಪುತ್ತೀರಾ’, ಅಂದರೆ ಮೆಡಿಕೇರ್ ನಿಗದಿ ಮಾಡಿದ ದರವನ್ನೇ ಪೂರ್ಣ ಶುಲ್ಕವೆಂದು ಒಪ್ಪುತ್ತೀರಾ ಎಂಬುದೇ ಸರಿಯಾದ ಪ್ರಶ್ನೆ.

ತುರ್ತಾಗಿ ಐಸಿಯು ಸೇರಬೇಕಾದರೆ ನೆಟ್‌ವರ್ಕ್ ಹುಡುಕುತ್ತಾ ಕೂರಬೇಡಿ. ಖಾಸಗಿ ವಿಮೆಗೆ 2022ರ ಜನವರಿಯಿಂದ ಜಾರಿಯಲ್ಲಿರುವ ‘ನೋ ಸರ್ಪ್ರೈಸಸ್’ ಕಾಯ್ದೆಯ ರಕ್ಷಣೆಯಿದೆ; ನೆಟ್‌ವರ್ಕ್ ಹೊರಗಿನ ತುರ್ತು ಚಿಕಿತ್ಸೆಗೆ ಅನಿರೀಕ್ಷಿತ ಹೆಚ್ಚುವರಿ ಬಿಲ್ ಬರದಂತೆ ಅದು ತಡೆಯುತ್ತದೆ. ಆದರೆ ರಸ್ತೆ ಆಂಬುಲೆನ್ಸ್ ಅದರ ಹೊರಗಿದೆ.