ಹೊರಗೆ ಮಾಯಿತು, ಒಳಗೆ ಇನ್ನೂ ಹಸಿ

ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಮೂರು ತಿಂಗಳ ಹಿಂದೆ ಕಿವಿಯ ಮೇಲಂಚಿಗೆ ಚುಚ್ಚಿಸಿಕೊಂಡೆ. ಆರು ವಾರದಲ್ಲಿ ನೋವು ಹೋಯಿತು. ವಾಸಿಯಾಯಿತು ಅಂದುಕೊಂಡು ಮೊದಲಿನ ಕಡ್ಡಿ ತೆಗೆದು ಚಿಕ್ಕ ರಿಂಗ್ ಹಾಕಿದೆ. ಈಗ ತೂತಿನ ಪಕ್ಕ ಕೆಂಪು ಗಂಟು ಎದ್ದಿದೆ. ಒಬ್ಬರು ದಿನಾ ತಿರುಗಿಸು ಅಂತಾರೆ, ಇನ್ನೊಬ್ಬರು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚು ಅಂತಾರೆ. ತೆಗೆದೇ ಬಿಡಲಾ? ಹೊಕ್ಕುಳಿಗೂ ಚುಚ್ಚಿಸುವ ಆಸೆಯಿತ್ತು, ಈಗ ಭಯವಾಗುತ್ತಿದೆ."

ನಿಮ್ಮ ಪತ್ರ ಓದಿದಾಗ ನನ್ನದೇ ಮೂಗು ನೆನಪಾಯಿತು. ಚುಚ್ಚಿಸಿ ಮೂರನೇ ತಿಂಗಳಿಗೆ, ಎಲ್ಲ ಸರಿಯಾಗಿದೆ ಎಂದು ಮೂಗುಬೊಟ್ಟು ತೆಗೆದಿಟ್ಟಿದ್ದೆ. ಸಂಜೆ ಹಾಕಲು ಹೋದರೆ ಒಳಗೇ ಹೋಗಲಿಲ್ಲ. ಬಲವಂತ ಮಾಡಿದೆ, ರಕ್ತ ಬಂತು, ವಾರಗಟ್ಟಲೆ ಊದಿಕೊಂಡಿತು. ನೀವು ಮಾಡಿದ್ದು ದೊಡ್ಡ ತಪ್ಪೇನಲ್ಲ. ಹೊರಗಿನಿಂದ ನೋಡಿದರೆ ಯಾರಿಗೂ ಹಾಗೇ ಅನಿಸುತ್ತದೆ.

ಸುಮ್ನೆ ಕೊಯ್ದ ಗಾಯವಾದರೆ ಮೈ ಅದನ್ನು ಮುಚ್ಚಿಬಿಡುತ್ತದೆ. ಇಲ್ಲಿ ನಡುವೆ ಒಂದು ಲೋಹ ಕೂತಿದೆ, ಮುಚ್ಚಲು ಆಗುವುದಿಲ್ಲ. ಹಾಗಾಗಿ ಚರ್ಮ ಎರಡೂ ಬಾಯಿಯಿಂದ ಒಳಮುಖವಾಗಿ ಬೆಳೆದು, ಲೋಹದ ಸುತ್ತ ಒಂದು ಸಣ್ಣ ಕೊಳವೆ ಕಟ್ಟಿಕೊಳ್ಳುತ್ತದೆ. ಎರಡು ತುದಿ ಮೊದಲು ಮಾಯುತ್ತವೆ, ನಡುಭಾಗ ಕೊನೆಗೆ. ನಿಮಗೆ ಕಾಣುವುದು ತುದಿಗಳು ಮಾತ್ರ. ನೋವು ನಿಂತಿದೆ ಎಂದರೆ ಕೊಳವೆ ಪೂರ್ತಿಯಾಗಿದೆ ಎಂದಲ್ಲ.

ಕಿವಿಹಾಲೆಯಾದರೆ ಇದು 6ರಿಂದ 8 ವಾರದ ಕೆಲಸ. ನಾಲಿಗೆಗೂ ಹೆಚ್ಚುಕಡಿಮೆ ಅಷ್ಟೇ, ಆದರೆ ಮೊದಲ ವಾರ ಚೆನ್ನಾಗಿಯೇ ಊದುತ್ತದೆ. ಹುಬ್ಬು, ತುಟಿಗೆ 2–3 ತಿಂಗಳು. ಮೂಗಿನ ಹೊಳ್ಳೆಗೆ 4ರಿಂದ 6 ತಿಂಗಳು. ಕಿವಿಯ ಮೇಲಂಚಿಗೆ 6ರಿಂದ 12 ತಿಂಗಳು ಬೇಕು. ಅಲ್ಲಿರುವುದು ಕಾರ್ಟಿಲೇಜ್, ಅಂದರೆ ಬಾಗುವ ಮೆದು ಎಲುಬು. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲ, ಮೇಲೆ ಹೊದ್ದಿರುವ ತೆಳು ಪೊರೆಯಿಂದಲೇ ಆಹಾರ ಬರಬೇಕು. ಅದಕ್ಕೇ ನಿಧಾನ. ಅಲ್ಲಿಗೆ ಸೋಂಕು ತಗುಲಿದರೆ ಔಷಧಿ ಮುಟ್ಟುವುದೂ ಕಷ್ಟ. ಮೂರು ತಿಂಗಳಿಗೆ ನಿಮ್ಮ ಕಿವಿ ಹೆಚ್ಚೆಂದರೆ ಅರ್ಧ ದಾರಿಯಲ್ಲಿದೆ, ಅಷ್ಟೇ.

ಹಾಗಾದರೆ ಗಂಟು? ನೀವು ಬರೆದಿರುವುದನ್ನು ನೋಡಿದರೆ ಅದು ಉಜ್ಜಾಟದಿಂದ ಎದ್ದ ಗಂಟು ಅನಿಸುತ್ತದೆ. ರಿಂಗ್ ನೆಟ್ಟಗಿನ ಕಡ್ಡಿಯಂತಲ್ಲ, ಬಾಗಿದೆ. ಮಾಯದ ಕೊಳವೆಯನ್ನು ಒಂದು ಪಕ್ಕಕ್ಕೆ ಒತ್ತುತ್ತದೆ, ತಲೆ ಅಲ್ಲಾಡಿಸಿದಾಗೆಲ್ಲ ಹಿಂದೆ ಮುಂದೆ ಸರಿಯುತ್ತದೆ. ಇಂಥ ಗಂಟು ತೂತಿನ ಬುಡದಲ್ಲೇ ಚಿಕ್ಕದಾಗಿ ಇರುತ್ತದೆ, ಕಾರಣ ತಪ್ಪಿಸಿದರೆ ವಾರಗಳಲ್ಲಿ ಇಳಿಯುತ್ತದೆ. ಕೀಲಾಯ್ಡ್ ಬೇರೆ. ಅದು ಗಾಯದ ಗಡಿ ದಾಟಿ ಅಕ್ಕಪಕ್ಕದ ಚೆನ್ನಾಗಿರುವ ಚರ್ಮಕ್ಕೂ ಹಬ್ಬುತ್ತದೆ, ತಿಂಗಳುಗಟ್ಟಲೆ ಬೆಳೆಯುತ್ತದೆ, ತಾನಾಗಿ ಹೋಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಹಾಗಾಗಿದ್ದರೆ, ಅಥವಾ ಗಂಟು ದೊಡ್ಡದಾಗುತ್ತಲೇ ಇದ್ದರೆ, ಚರ್ಮದ ಡಾಕ್ಟರಿಗೆ ತೋರಿಸಿ.

ನೀವೇ ರಿಂಗ್ ಕಿತ್ತು ತೆಗೆಯಬೇಡಿ. ಅನುಭವವಿರುವ ಪಿಯರ್ಸರ್ (ಚುಚ್ಚುವವರು) ಹತ್ತಿರ ಹೋಗಿ, ಹಿಂಬದಿ ಚಪ್ಪಟೆ ಇರುವ ನೇರ ಕಡ್ಡಿ ಹಾಕಿಸಿ. ದೇಹದೊಳಗೆ ಇಡುವ ದರ್ಜೆಯ ಟೈಟಾನಿಯಂ ಆಗಿರಲಿ. ಸರ್ಜಿಕಲ್ ಸ್ಟೀಲ್ ಅಂದ ತಕ್ಷಣ ನಂಬಬೇಡಿ, ಅದರಲ್ಲಿ ನಿಕಲ್ ಇರುತ್ತದೆ. ನಿಕಲ್ ಅಲರ್ಜಿ ಇದ್ದವರಿಗೆ ತುರಿಕೆ, ಕೆಂಪು, ನೀರು ಸೋರುವುದು ನಿಲ್ಲುವುದೇ ಇಲ್ಲ. ಎಷ್ಟೋ ಜನ ಅದನ್ನೇ ಸೋಂಕು ಅಂದುಕೊಂಡು ಮುಲಾಮು ಬಳಿಯುತ್ತಿರುತ್ತಾರೆ.

ಉದ್ದವೂ ಮುಖ್ಯ. ಮೊದಲು ಹಾಕುವ ಕಡ್ಡಿ ಬೇಕೆಂದೇ ಸ್ವಲ್ಪ ಉದ್ದ ಇರುತ್ತದೆ, ಊತಕ್ಕೆ ಜಾಗ ಬೇಕಲ್ವಾ. ಊತ ಇಳಿದ ಮೇಲೆ ಅದನ್ನು ಅಳತೆಗೆ ಸರಿಯಾದ ಗಿಡ್ಡ ಕಡ್ಡಿಗೆ ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ ಕೂದಲಿಗೆ, ಬಟ್ಟೆಗೆ ಸಿಕ್ಕಿಕೊಂಡು ವಾಲುತ್ತದೆ. ಇದನ್ನು ಚುಚ್ಚಿದವರೇ ಹೇಳಬೇಕಿತ್ತು. ಹೇಳದೆ ಕಳಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇನ್ನು ನಿಮಗೆ ಸಿಕ್ಕ ಸಲಹೆಗಳು. ತಿರುಗಿಸಲೇಬೇಡಿ. ತಿರುಗಿಸಿದಾಗ ಒಣಗಿದ ಹಕ್ಕಳೆ ಒಳಗೆ ಹೋಗಿ, ಆಗಷ್ಟೇ ಹುಟ್ಟಿದ ಚರ್ಮವನ್ನು ಗೀರುತ್ತದೆ. ಪೆರಾಕ್ಸೈಡ್ ಮತ್ತು ಸ್ಪಿರಿಟ್ ಆ ಹೊಸ ಚರ್ಮವನ್ನೇ ಸುಡುತ್ತವೆ. ಜಿಡ್ಡಿನ ಮುಲಾಮು ತೂತಿಗೆ ಗಾಳಿಯಾಡದಂತೆ ಮಾಡುತ್ತದೆ. ಬೇಕಿರುವುದು ಒಂದೇ: 0.9 ಶೇಕಡಾ ಉಪ್ಪಿರುವ ಶುದ್ಧ ಸಲೈನ್. ಬಾಟಲಿಯ ಮೇಲೆ ಉಪ್ಪು, ನೀರು ಬಿಟ್ಟು ಬೇರೇನೂ ಬರೆದಿರಬಾರದು. ಮನೆಯಲ್ಲಿ ಕಲಸಿದರೆ ಉಪ್ಪು ಜಾಸ್ತಿಯಾಗಿ ಚರ್ಮ ಒಣಗುತ್ತದೆ. ಕೈ ತೊಳೆದು, ದಿನಕ್ಕೆ ಒಂದೆರಡು ಸಲ ಸಿಂಪಡಿಸಿ, ಶುದ್ಧವಾದ ಗಾಜ್ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕೈ ಹಚ್ಚಬೇಡಿ. ಆ ಕಿವಿಯ ಮೇಲೆ ಮಲಗುವ ಅಭ್ಯಾಸವಿದ್ದರೆ ನಡುವೆ ತೂತಿರುವ ದಿಂಬು ತಗೊಳ್ಳಿ, ಕಿವಿ ಆ ತೂತಿನಲ್ಲಿ ಕೂರಲಿ. ರಾತ್ರಿಯ ಒತ್ತಡವೇ ಎಷ್ಟೋ ಗಂಟುಗಳಿಗೆ ಕಾರಣ.

ಬಿಳಿ ಅಥವಾ ತಿಳಿ ಹಳದಿ ನೀರು ಬಂದು ಕಡ್ಡಿಯ ಸುತ್ತ ಒಣಗಿ ಕೂತರೆ ಹೆದರಬೇಡಿ, ಮಾಯುವ ಗಾಯಕ್ಕೆ ಅದು ಸಹಜ. ಕೆಲವು ವಾರ ಚೆನ್ನಾಗಿದ್ದು, ಮತ್ತೆ ಒಂದಷ್ಟು ದಿನ ಮುನಿಸಿಕೊಳ್ಳುವುದೂ ಉಂಟು. ಆದರೆ ದಪ್ಪನೆ ಹಸಿರು ಕೀವು, ಕೆಟ್ಟ ವಾಸನೆ, ಮುಟ್ಟಿದರೆ ಬಿಸಿ, ಹರಡುತ್ತಾ ಹೋಗುವ ಕೆಂಪು, ಹೆಚ್ಚುತ್ತಿರುವ ನೋವು, ಜ್ವರ – ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಕಾರ್ಟಿಲೇಜ್‌ನ ಸೋಂಕನ್ನು ತಡ ಮಾಡಿದರೆ ಕಿವಿಯ ಆಕಾರವೇ ಕುಸಿಯಬಹುದು. ಆಗಲೂ ಒಡವೆಯನ್ನು ನೀವೇ ತೆಗೆಯಬೇಡಿ. ತೂತು ಮುಚ್ಚಿಕೊಂಡರೆ ಕೀವು ಒಳಗೇ ಉಳಿಯುತ್ತದೆ. ತೆಗೆಯಬೇಕೋ ಬೇಡವೋ ಡಾಕ್ಟರೇ ಹೇಳಲಿ.

ಹೊಕ್ಕುಳ ಈಗ ಬೇಡ, ಕಿವಿ ಮೊದಲು ಮಾಯಲಿ. ಅದಕ್ಕೂ 6ರಿಂದ 12 ತಿಂಗಳು ಹಿಡಿಯುತ್ತದೆ, ಸೊಂಟದ ಬಟ್ಟೆ ದಿನವಿಡೀ ಉಜ್ಜುತ್ತದೆ. ಎಲ್ಲರ ಹೊಕ್ಕುಳೂ ಅದಕ್ಕೆ ಒಗ್ಗುವುದಿಲ್ಲ. ಚುಚ್ಚುವಷ್ಟು ಚರ್ಮದ ಮಡಿಕೆ ಇಲ್ಲದಿದ್ದರೆ ಮೈ ಒಡವೆಯನ್ನು ನಿಧಾನಕ್ಕೆ ಹೊರಗೆ ತಳ್ಳಿಬಿಡುತ್ತದೆ. ಅದನ್ನು ನೋಡಿ, ಆಗಲ್ಲ ಎಂದು ಹೇಳುವ ಪಿಯರ್ಸರ್ ಸಿಕ್ಕರೆ ಅವರನ್ನು ನಂಬಿ. ಸೂಜಿಯ ಪೊಟ್ಟಣ ನಿಮ್ಮ ಎದುರೇ ಒಡೆಯಬೇಕು, ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬಳಸಬಾರದು. ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ, ಸಿ ಸೋಂಕು ಹೀಗೂ ಹರಡಬಹುದು. ಚುಚ್ಚುವ ಗನ್ ಹಿಡಿದು ಬಂದರೆ ಎದ್ದು ಬನ್ನಿ. ಅದು ಮೊಂಡು ಕಡ್ಡಿಯನ್ನು ಬಲದಿಂದ ನುಗ್ಗಿಸುತ್ತದೆ, ಸಾಮಾನ್ಯವಾಗಿ ಪ್ಲಾಸ್ಟಿಕ್ ಆದ್ದರಿಂದ ಕ್ರಿಮಿ ಕೊಲ್ಲುವ ಹಬೆಯ ಆಟೋಕ್ಲೇವ್‌ನಲ್ಲಿ ಇಡಲೂ ಆಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಹೃದಯದ ಕವಾಟದ ತೊಂದರೆ ಇದ್ದರೆ ಮೊದಲೇ ಡಾಕ್ಟರನ್ನು ಕೇಳಿ. ಚುಚ್ಚುವ ನೋವು ಕೆಲವೇ ಕ್ಷಣದ್ದು. ಹೊಟ್ಟೆ ತುಂಬಿಸಿಕೊಂಡು ಹೋಗಿ, ಕೆಲವರಿಗೆ ತಲೆ ಸುತ್ತುತ್ತದೆ.

ಸದ್ಯಕ್ಕೆ ಆ ರಿಂಗ್ ಬದಲಾಯಿಸಿಕೊಳ್ಳಿ. ಒಂದೂವರೆ ತಿಂಗಳು ಬಿಟ್ಟು ಗಂಟು ಹೇಗಿದೆ ಎಂದು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕರು