ನಾಪೋಕ್ಲು ಕಡೆ ತೋಟದ ಮನೆ: ಗೇಮಿಂಗ್ ಡೆಸ್ಕ್‌ಟಾಪ್ ಕಟ್ಟೋದಾ, ಲ್ಯಾಪ್‌ಟಾಪ್ ತಗೊಳ್ಳೋದಾ?

ದಿನಾ ಬಸ್ಸಲ್ಲಿ ಮಡಿಕೇರಿ ಕಾಲೇಜಿಗೆ ಹೋಗಿ ಬರ್ತೀರಿ, ಆಟ ರಾತ್ರಿ ಮನೆಯಲ್ಲೇ, ಇನ್ವರ್ಟರ್ ಇದೆ ಅಂತ ಬರೆದಿದ್ದೀರಿ. ಹಾಗಿದ್ರೆ ನನ್ನ ಓಟು ಡೆಸ್ಕ್‌ಟಾಪ್‌ಗೆ. ಮುಂದಿನ ವರ್ಷ ಹಾಸ್ಟೆಲ್ ಸೇರೋದಾದ್ರೆ ಲ್ಯಾಪ್‌ಟಾಪ್ ತಗೊಳ್ಳಿ, ಉಳಿದದ್ದು ಓದೋದೇ ಬೇಡ.

‘ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆಯಲ್ಲ, ಕರೆಂಟ್ ಹೋದ್ರೂ ಆಡಬಹುದು’ ಅನ್ನೋ ಲೆಕ್ಕ ಸರಿಯಿಲ್ಲ. ಚಾರ್ಜರ್ ಕಿತ್ತ ತಕ್ಷಣ ಗ್ರಾಫಿಕ್ಸ್ ಚಿಪ್‌ಗೆ ಸಿಗೋ ವಾಟ್ ಇಳಿಯುತ್ತೆ, ಆಟ ತಡವರಿಸುತ್ತೆ. ಅಷ್ಟಾದ್ರೂ ಬ್ಯಾಟರಿ ಬರೋದು ಒಂದು ಗಂಟೆ ಆಸುಪಾಸು ಅಷ್ಟೇ. ಇನ್ನೊಂದು, ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಚಿಪ್ ಲ್ಯಾಪ್‌ಟಾಪ್ ಮಾಡೆಲ್‌ಗೆ ತಕ್ಕಂತೆ 35ರಿಂದ 115 ವಾಟ್‌ವರೆಗೆ ಓಡುತ್ತೆ. ಹೆಸರು ಒಂದೇ, ವೇಗ ಬೇರೆ. ಕೊಳ್ಳೋದಾದ್ರೆ ಟಿಜಿಪಿ (ಗ್ರಾಫಿಕ್ಸ್ ಚಿಪ್‌ಗೆ ಸಿಗೋ ವಾಟ್) ಎಷ್ಟು ಅಂತ ಕೇಳಿಯೇ ಕೊಳ್ಳಿ.

ಡೆಸ್ಕ್‌ಟಾಪ್‌ಗೆ ನಾನು ಹೇಳೋದು: ರೈಜನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿ ಡಿಡಿಆರ್5 ರ್‍ಯಾಮ್ (8ರ ಎರಡು), 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 550 ವಾಟ್‌ನ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ). ಕಾರ್ಡ್ 115 ವಾಟ್ ಮಾತ್ರ ಎಳೆಯೋದ್ರಿಂದ ಮಾನಿಟರ್ ಸೇರಿಸಿದ್ರೂ ಆಡುವಾಗ 280 ವಾಟ್ ಒಳಗೇ ಇರುತ್ತೆ. 7600ರಲ್ಲಿ ಗ್ರಾಫಿಕ್ಸ್ ಒಳಗೇ ಇದೆ. ಕಾರ್ಡ್ ಕೆಟ್ಟು ವಾರಂಟಿಗೆ ಕಳಿಸಿದ್ರೆ, ಅದು ವಾಪಸ್ ಬರೋವರೆಗೆ ಕಾಲೇಜಿನ ಕೆಲಸ ನಿಲ್ಲಲ್ಲ. ನಮ್ಮ ಕಡೆಗೆ ಇದು ಸಣ್ಣ ಲಾಭ ಅಲ್ಲ.

ಜೋಡಿಸುವಾಗ ರ್‍ಯಾಮ್ ಪ್ರೊಸೆಸರ್ ಕಡೆಯಿಂದ ಎರಡನೇ, ನಾಲ್ಕನೇ ಸ್ಲಾಟ್‌ಗೆ. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗೇ ಇರುತ್ತೆ. ಅದು ರ್‍ಯಾಮ್ ಪರೀಕ್ಷೆ ಮಾಡ್ಕೊಳ್ತಾ ಇರುತ್ತೆ, ಗಾಬರಿಯಿಂದ ಸ್ವಿಚ್ ಆರಿಸಬೇಡಿ. ಆಮೇಲೆ ಬಯೋಸ್‌ನಲ್ಲಿ (ಬೋರ್ಡಿನ ಸೆಟಿಂಗ್ಸ್ ಪರದೆ) ಎಕ್ಸ್‌ಪೋ ಆನ್ ಮಾಡಿ, ಆಗಲೇ ರ್‍ಯಾಮ್ ಪೂರ್ತಿ ವೇಗದಲ್ಲಿ ಓಡೋದು. ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೇ ಹಾಕಿ. ‘ಹೊಸ ಪಿಸಿ ಸ್ಲೋ’ ಅನ್ನೋ ದೂರುಗಳಲ್ಲಿ ಎಷ್ಟೋ ಇಷ್ಟಕ್ಕೇ ಮುಗಿಯುತ್ತೆ.

ಈಗ ಕರೆಂಟ್. ಇನ್ವರ್ಟರ್ ಸೈನ್ ವೇವ್ ಆಗಿರಬೇಕು, ಸ್ಕ್ವೇರ್ ವೇವ್ ಆದ್ರೆ ಅದಕ್ಕೆ ಡೆಸ್ಕ್‌ಟಾಪ್ ಕೊಡಬೇಡಿ. ಸೈನ್ ವೇವ್ ಇನ್ವರ್ಟರ್ ಆದ್ರೆ ಅದರ ಯುಪಿಎಸ್ ಮೋಡ್ (ಬ್ಯಾಟರಿಗೆ ಬೇಗ ಬದಲಾಗೋ ಮೋಡ್) ಆನ್ ಮಾಡಿ. ಕರೆಂಟ್ ಹೋದ ಮೇಲೆ ಎಸ್‌ಎಂಪಿಎಸ್ ತಡ್ಕೊಳ್ಳೋದು 17 ಮಿಲಿಸೆಕೆಂಡ್ ಹತ್ತಿರ. ನಾರ್ಮಲ್ ಮೋಡ್‌ನ ಇನ್ವರ್ಟರ್ ಬದಲಾಗೋಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು, ಪಿಸಿ ರೀಸ್ಟಾರ್ಟ್ ಆಗುತ್ತೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಮರ ಬಿದ್ದು ಲೈನ್ ಹೋದ್ರೆ ಆಟ ಬಿಡಿ, ಬ್ಯಾಟರಿ ಲೈಟಿಗೆ ಉಳಿಸಿ.

ಅರ್ಥಿಂಗ್ ನೋಡದೆ ಒಂದು ಪಾರ್ಟ್ ಕೂಡ ಆರ್ಡರ್ ಮಾಡಬೇಡಿ. ಪಿಸಿ ಇರೋ ಮನೆಗಳಲ್ಲಿ ಕ್ಯಾಬಿನೆಟ್ (ಪಿಸಿಯ ಲೋಹದ ಪೆಟ್ಟಿಗೆ) ಮುಟ್ಟಿದ್ರೆ ಬೆರಳು ಜುಂ ಅನ್ನೋದುಂಟಲ್ಲ? ಸಾಮಾನ್ಯವಾಗಿ ಅದು ಅರ್ಥ್ ಇಲ್ಲದ ಗುರುತು: ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನ ಸೋರಿಕೆ ಹೋಗೋಕೆ ದಾರಿ ಸಿಗದೆ ನಿಮ್ಮ ಮೂಲಕ ಇಳಿಯುತ್ತೆ. ಎಲೆಕ್ಟ್ರಿಷಿಯನ್ ಕೈಲಿ ಮಲ್ಟಿಮೀಟರ್ ಇಡಿಸಿ: ಫೇಸ್–ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಏಪ್ರಿಲ್–ಮೇ ಗುಡುಗು ಶುರುವಾದ್ರೆ ಪ್ಲಗ್ ಜೊತೆ ಲ್ಯಾನ್ ಕೇಬಲ್ಲೂ ಕೀಳಿ. ಸಿಡಿಲು ಆ ದಾರಿಯಲ್ಲೂ ಬರುತ್ತೆ.

ಬೆಲ್ಟು, ಚಪ್ಪಲಿಗೆ ಬೂಷ್ಟು ಹಿಡಿಯೋ ತಿಂಗಳಲ್ಲಿ ಪಿಸಿಯನ್ನು ಬಟ್ಟೆ ಹೊದಿಸಿ ಮುಚ್ಚಿಡಬೇಡಿ. ದಿನಕ್ಕೆ ಒಂದು ಗಂಟೆ ಓಡಿಸಿ, ಬಿಸಿಗೆ ತೇವ ಆರುತ್ತೆ. ನೆಲದಿಂದ ಒಂದಡಿ ಮೇಲಿರಲಿ, ಗೋಡೆಗೆ ತಾಗದಿರಲಿ. ಬಣ್ಣದ ಲೈಟ್ ಇರೋ ಕ್ಯಾಬಿನೆಟ್ ಬೇಡ, ಮಳೆಹುಳ ಎಲ್ಲ ಅದಕ್ಕೇ ಮುತ್ತುತ್ತೆ. ಒಂದು ದಿನ ಆನ್ ಆಗದಿದ್ರೆ ಪ್ಲಗ್ ಕಿತ್ತು, ರ್‍ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಒಂದೊಂದೇ ಹಾಕಿ ನೋಡಿ.