ಸ್ಲ್ಯಾಪ್ ಮಾಡಿದರೆ ಫಂಕ್ ಆಗುತ್ತದೆಯೇ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ಕಾಲೇಜು ರಾಕ್ ತಂಡವಿದೆ. ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಅಮೆರಿಕದ ರೆಡ್ ಹಾಟ್ ಚಿಲ್ಲಿ ಪೆಪ್ಪರ್ಸ್ ತಂಡವನ್ನು ಕೇಳಿ ಕೇಳಿ, ಹೆಬ್ಬೆರಳಿನಿಂದ ತಂತಿ ಬಡಿದು ನುಡಿಸುವ ಸ್ಲ್ಯಾಪ್ ಕಲಿತೆ. ಒಬ್ಬನೇ ನುಡಿಸುವಾಗ ಚೆನ್ನಾಗಿಯೇ ಕೇಳಿಸುತ್ತದೆ. ತಂಡದ ಜೊತೆ ಸೇರಿದೊಡನೆ ಫಂಕ್ (ಲಯವೇ ಮುಖ್ಯವಾದ, ಕುಣಿಸುವ ಸಂಗೀತ) ಮಾಯವಾಗಿ, ರಾಕ್ ಹಾಡಿನ ನಡುವೆ ಯಾರೋ ತಂತಿ ಬಡಿಯುತ್ತಿರುವಂತೆ ಆಗುತ್ತದೆ. ಡ್ರಮ್ಸ್ ನುಡಿಸುವ ಗೆಳೆಯ ಮೃದಂಗ ಕಲಿತವನು, ತಾಳ ತಪ್ಪುವವನಲ್ಲ. ದೋಷ ಎಲ್ಲಿದೆ?

ಉತ್ತರ: ನಿಮ್ಮ ಹೆಬ್ಬೆರಳಿನಲ್ಲಂತೂ ಇರಲಿಕ್ಕಿಲ್ಲ. ನಿಮ್ಮ ಗಿಟಾರ್ ವಾದಕರ ಆಂಪ್ಲಿಫೈಯರ್ ಕಡೆ ಒಮ್ಮೆ ನೋಡಿ.

ಫಂಕ್ ಮತ್ತು ರಾಕ್ ಕೂಡುವ ಜಾಗದಲ್ಲಿ ಒಂದು ಮೂಲಭೂತ ಜಗಳವಿದೆ. ಫಂಕ್ ಬದುಕುವುದು ನುಡಿಸದೆ ಬಿಟ್ಟ ಖಾಲಿ ಜಾಗಗಳಲ್ಲಿ. ಡಿಸ್ಟಾರ್ಷನ್ (ನಾದವನ್ನು ಒರಟಾಗಿಸುವ ಪರಿಣಾಮ) ಹಾಕಿದ ಗಿಟಾರ್‌ಗೆ ಖಾಲಿ ಜಾಗ ಕಂಡರಾಗದು. ಮೀಟಿದ ನಾದ ಬೇಗ ಇಳಿಯದೆ ಮುಂದಿನ ಪೆಟ್ಟಿನವರೆಗೂ ಎಳೆದುಕೊಂಡು ಹೋಗುತ್ತದೆ. ಈ ಶೈಲಿಯಲ್ಲಿ ಗೆದ್ದವರೆಲ್ಲ ಈ ಜಗಳವನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡವರು. ಬಗೆಹರಿಸಿಕೊಳ್ಳದ ತಂಡಗಳು ನೀವು ಹೇಳಿದ ಹಾಗೆಯೇ ಕೇಳಿಸುತ್ತವೆ.

ಮೃದಂಗದ ಗೆಳೆಯನಿಗೆ ಇದನ್ನು ಹೀಗೆ ಹೇಳಿ. ನಾಲ್ಕು ಎಣಿಕೆಯ ಒಂದು ಆವರ್ತ, ಒಂದೊಂದು ಎಣಿಕೆಯೊಳಗೂ ನಾಲ್ಕು ಮಾತ್ರೆ, ಒಟ್ಟು 16. ರಾಕ್‌ನಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಯ ಮೇಲೆ ಬೀಳುವ ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಪೆಟ್ಟೇ ಹಾಡನ್ನು ತಳ್ಳುತ್ತದೆ. 1960ರ ದಶಕದ ನಡುವೆ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಅವರ ತಂಡ ಈ ಭಾರವನ್ನು ಮೊದಲನೆಯ ಎಣಿಕೆಗೆ ತಂದಿತು. ಸಮದಲ್ಲಿ ಎಲ್ಲರೂ ಒಟ್ಟಿಗೆ ಕೂಡಬೇಕು. ಉಳಿದ ಮಾತ್ರೆಗಳನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳಬೇಕು, ಒಬ್ಬರ ಜಾಗಕ್ಕೆ ಇನ್ನೊಬ್ಬರು ಕಾಲಿಡಬಾರದು. ಗಿಟಾರ್ ಕೂಡ ಅಲ್ಲಿ ತಾಳವಾದ್ಯವೇ: ಎಡಗೈಯಿಂದ ತಂತಿಯನ್ನು ಅರೆ ಒತ್ತಿ, ಚಕ್ ಎಂದು ಕತ್ತರಿಸಿದಂಥ ಸದ್ದು. ಬ್ರೌನ್ ತಂಡದ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರ ಡ್ರಮ್ಸ್ ಗಮನವಿಟ್ಟು ಕೇಳಿದರೆ ಗಟ್ಟಿ ಪೆಟ್ಟುಗಳ ಸಂದಿನಲ್ಲಿ, ಕೋಲು ಸ್ನೇರನ್ನು ಸವರಿದಷ್ಟು ಮೆಲ್ಲನೆಯ ಪೆಟ್ಟುಗಳು ಸಿಗುತ್ತವೆ. ರಾಕ್ ಗಿಟಾರ್‌ನ ಅಬ್ಬರದಲ್ಲಿ ಮೊದಲು ಮುಳುಗುವುದು ಇವೇ.

ಇನ್ನು ಸ್ಲ್ಯಾಪ್. ಅದರ ಹುಟ್ಟನ್ನು ತಿಳಿದರೆ ನಿಮ್ಮ ತೊಂದರೆಯ ಅರ್ಧ ಭಾಗ ತಿಳಿದಂತೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಲ್ಯಾರಿ ಗ್ರಹಾಂ ತಮ್ಮ ತಾಯಿಯ ಹಾಡಿಗೆ ಬೇಸ್ ನುಡಿಸುತ್ತಿದ್ದರು. ಜೊತೆಗೆ ಡ್ರಮ್ಸ್ ಇರಲಿಲ್ಲ. ಕಾಲಿನಿಂದ ಬಡಿಯುವ ಕಿಕ್ ಡ್ರಮ್ಮಿನ ಬದಲು ಹೆಬ್ಬೆರಳಿನಿಂದ ತಂತಿಯನ್ನು ಬಡಿದರು, ಸ್ನೇರ್ ಬದಲು ಬೆರಳಿನಿಂದ ಎಳೆದು ಬಿಟ್ಟರು. ಅಂದರೆ ಸ್ಲ್ಯಾಪ್ ಹುಟ್ಟಿದ್ದು ಡ್ರಮ್ಸ್ ಇಲ್ಲದ ಕೊರತೆಯನ್ನು ತುಂಬಲು. ಡ್ರಮ್ಸ್ ಇರುವಲ್ಲಿ, ಅದೂ ಕೈತುಂಬ ನುಡಿಸುವ ವಾದಕ ಇರುವಲ್ಲಿ, ಇಡೀ ಹಾಡಿಗೆ ಸ್ಲ್ಯಾಪ್ ಮಾಡಿದರೆ ಒಂದೇ ಕೆಲಸಕ್ಕೆ ಇಬ್ಬರನ್ನು ನೇಮಿಸಿದಂತಾಗುತ್ತದೆ.

ಗ್ರಹಾಂ ಮುಂದೆ ಸೇರಿದ್ದು ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್ ತಂಡವನ್ನು. ಕಪ್ಪು ಮತ್ತು ಬಿಳಿ ವರ್ಣದವರು, ಗಂಡಸರು ಹೆಂಗಸರು ಒಟ್ಟಾಗಿ ನುಡಿಸಿದ ಈ ತಂಡ 1969ರಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದ ವೇದಿಕೆ ಏರಿತು. ರಾಕ್ ಕೇಳಲು ಬಂದ ಜನ ಫಂಕ್‌ಗೆ ಕುಣಿದರು. ಅದೇ ವರ್ಷದ ಕೊನೆಯ ರಾತ್ರಿ ಮತ್ತು ಹೊಸ ವರ್ಷದ ಮೊದಲ ದಿನ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ನ್ಯೂಯಾರ್ಕ್‌ನಲ್ಲಿ ಬಿಲ್ಲಿ ಕಾಕ್ಸ್ (ಬೇಸ್), ಬಡ್ಡಿ ಮೈಲ್ಸ್ (ಡ್ರಮ್ಸ್) ಜೊತೆ ನುಡಿಸಿದರು. ಬೇಸ್ ಮತ್ತು ಡ್ರಮ್ಸ್ ಸರಳವಾದ ಒಂದೇ ತುಣುಕನ್ನು ಹಟ ಹಿಡಿದು ಮರಳಿ ಮರಳಿ ನುಡಿಸುತ್ತವೆ, ಗಿಟಾರ್ ಒಂದಕ್ಕೆ ಮಾತ್ರ ಅಡ್ಡಾಡುವ ಸ್ವಾತಂತ್ರ್ಯ. ನನ್ನ ಲೆಕ್ಕದಲ್ಲಿ ಆ ಜಗಳಕ್ಕೆ ಸಿಕ್ಕ ಅತ್ಯಂತ ಚೊಕ್ಕ ಪರಿಹಾರ ಇದೇ. ಜಾರ್ಜ್ ಕ್ಲಿಂಟನ್ ಅವರ ಫಂಕಡೆಲಿಕ್ ತಂಡ ಇದನ್ನೇ ಇನ್ನಷ್ಟು ವಿಚಿತ್ರವೂ ವಿಶಾಲವೂ ಆದ ದಾರಿಗೆ ಎಳೆಯಿತು.

ನಿಮ್ಮ ಚಿಲ್ಲಿ ಪೆಪ್ಪರ್ಸ್ ಆ ಕ್ಲಿಂಟನ್ ಅವರ ಶಿಷ್ಯರೇ. 1985ರಲ್ಲಿ ಈ ತಂಡದ ಎರಡನೆಯ ಆಲ್ಬಂ ನಿರ್ಮಿಸಿದ್ದು ಕ್ಲಿಂಟನ್. ಆದರೆ ತಂಡಕ್ಕೆ ಲೋಕದ ಹೆಸರು ತಂದ 1991ರ ಆಲ್ಬಂ ಮತ್ತೆ ಕೇಳಿ. ತಂಡದ ಬೇಸ್ ವಾದಕ ಫ್ಲೀ ಅಲ್ಲಿ ಸ್ಲ್ಯಾಪನ್ನು ಬೇಕೆಂದೇ ಕಡಿಮೆ ಮಾಡಿದ್ದಾರೆ. ಜಾನ್ ಫ್ರುಶಾಂಟೆ ಅವರ ಗಿಟಾರ್ ಎಷ್ಟೋ ಕಡೆ ತೆಳುವಾಗಿದೆ, ಡಿಸ್ಟಾರ್ಷನ್ ಇಲ್ಲವೇ ಇಲ್ಲ. ರೇಜ್ ಅಗೇನ್ಸ್ಟ್ ದ ಮಷೀನ್ ಹಿಡಿದದ್ದು ಬೇರೆಯೇ ದಾರಿ: ಡಿಸ್ಟಾರ್ಷನ್ ಇಟ್ಟುಕೊಂಡರು, ಆದರೆ ಎಲ್ಲರೂ ಒಂದೇ ರಿಫ್ (ಮರಳಿ ಮರಳಿ ಬರುವ ಸಣ್ಣ ಸ್ವರಗುಚ್ಛ) ನುಡಿಸಿ ಒಂದೇ ಕ್ಷಣದಲ್ಲಿ ನಿಲ್ಲುತ್ತಾರೆ.

ಈಗ ನೀವು ಮಾಡಬೇಕಾದದ್ದು. ಗಿಟಾರ್‌ನ ಗೇನ್ (ಡಿಸ್ಟಾರ್ಷನ್ ಹೆಚ್ಚಿಸುವ ಗುಂಡಿ) ಅರ್ಧಕ್ಕಿಳಿಸಿ. ಒಂದೇ ಕಾರ್ಡ್, ಒಂದೇ ಆವರ್ತ ಹಿಡಿದು ಹತ್ತು ನಿಮಿಷ ಬದಲಾಯಿಸದೆ ನುಡಿಸಿ. ಬೇಸರ ಬರುತ್ತದೆ, ಬರಲಿ. ನಿಮ್ಮ ಬೇಸ್ ಸಮದಲ್ಲಿ ಕಿಕ್ ಜೊತೆ ಕಚ್ಚಿಕೊಳ್ಳಲಿ, ಅಲ್ಲಿಯವರೆಗೆ ಸ್ಲ್ಯಾಪ್ ಬೇಡ, ಬೆರಳಿನಿಂದಲೇ ನುಡಿಸಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ಭಾಗದಿಂದ ಎರಡು ಸ್ವರ ತೆಗೆದುಹಾಕಿ ನೋಡಿ. ಮೃದಂಗದವರಿಗೆ ಒಂದು ಎಚ್ಚರಿಕೆ: ಇಲ್ಲಿ ಮುಕ್ತಾಯದ ತೀರ್ಮಾನಗಳನ್ನು (ಮೂರು ಸಲ ನುಡಿಸಿ ಮುಗಿಸುವ ಲಯದ ತುಣುಕುಗಳನ್ನು) ಹಾಕುವ ಆಸೆ ಬರುತ್ತದೆ, ತಡೆದುಕೊಳ್ಳಲಿ.

ಪ್ರಶ್ನೆ: ಫಂಕ್ ರಾಕ್ ಎಂದರೆ ಕಪ್ಪು ವರ್ಣೀಯರ ಸಂಗೀತವನ್ನು ಬಿಳಿಯ ರಾಕ್ ತಂಡಗಳು ಎತ್ತಿಕೊಂಡದ್ದು ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಹೌದೇ?

ಉತ್ತರ: ಎತ್ತಿಕೊಂಡವರಿದ್ದಾರೆ. ಆದರೆ ಆ ವಾದ, ರಾಕ್ ಮೊದಲಿನಿಂದಲೂ ಬಿಳಿಯರದ್ದೇ ಎಂದು ಒಪ್ಪಿಕೊಂಡುಬಿಡುತ್ತದೆ. ಚಕ್ ಬೆರ್ರಿ, ಲಿಟಲ್ ರಿಚರ್ಡ್ ಅವರನ್ನು ಎಲ್ಲಿಡುತ್ತೀರಿ? ಮೇಲೆ ಹೇಳಿದ ಸ್ಲೈ, ಹೆಂಡ್ರಿಕ್ಸ್, ಕ್ಲಿಂಟನ್ ಮೂವರೂ ಕಪ್ಪು ವರ್ಣೀಯರೇ. ಈ ಬೆರಕೆಯನ್ನು ಮೊದಲು ಮಾಡಿದವರೇ ಅವರು. ತೊಂದರೆ ಇದ್ದದ್ದು ಮಾರಾಟದಲ್ಲಿ. ಅಮೆರಿಕದ ರೇಡಿಯೊ ಕೇಂದ್ರಗಳು ರಾಕ್ ಒಂದು ಕಡೆ, ಸೋಲ್ (ಕಪ್ಪು ವರ್ಣೀಯರ ಜನಪ್ರಿಯ ಸಂಗೀತ) ಒಂದು ಕಡೆ ಎಂದು ಪಾಲು ಮಾಡಿಕೊಂಡಾಗ ಜೋರು ಗಿಟಾರಿನ ಕಪ್ಪು ತಂಡಗಳಿಗೆ ಎರಡೂ ಕಡೆ ಜಾಗ ಸಿಗುವುದು ಕಷ್ಟವಾಯಿತು. 1985ರಲ್ಲಿ ನ್ಯೂಯಾರ್ಕ್‌ನಲ್ಲಿ ಗಿಟಾರ್ ವಾದಕ ವರ್ನನ್ ರೀಡ್ ಮತ್ತು ಸಂಗಡಿಗರು ಬ್ಲ್ಯಾಕ್ ರಾಕ್ ಕೊಯಲಿಷನ್ ಎಂಬ ಸಂಘ ಕಟ್ಟಿದ್ದು ಇದನ್ನು ಪ್ರಶ್ನಿಸಲಿಕ್ಕೇ. ಅವರ ಲಿವಿಂಗ್ ಕಲರ್ ತಂಡದ ಮೊದಲ ಆಲ್ಬಂ 1988ರಲ್ಲಿ ಬಂದು ಗೆದ್ದಿತು. ಲಾಸ್ ಏಂಜಲೀಸ್‌ನ ಕಪ್ಪು ತಂಡ ಫಿಶ್‌ಬೋನ್‌ಗೆ ಅಂಥ ಗೆಲುವು ದಕ್ಕಲಿಲ್ಲ. ಚಿಲ್ಲಿ ಪೆಪ್ಪರ್ಸ್‌ನ ಊರಿನವರೇ, ಅವರಿಗಿಂತ ಕೆಲವು ವರ್ಷ ಮೊದಲೇ ಕೂಡಿದವರು. ನಿಮ್ಮ ಗೆಳೆಯರು ವಾದ ಮುಂದುವರಿಸಬೇಕೆಂದರೆ ಫಿಶ್‌ಬೋನ್ ಮತ್ತು ಚಿಲ್ಲಿ ಪೆಪ್ಪರ್ಸ್ ಇಬ್ಬರನ್ನು ಅಕ್ಕಪಕ್ಕ ಇಟ್ಟು ವಾದಿಸಲಿ, ಅಲ್ಲಿ ಅವರಿಗೆ ಬಲವಿದೆ.